ಸಾಹೇಬರ ಕೈಯ ಪೇಡಾ

ಮಾನ್ಯ ಆರೋಗ್ಯಾಧಿಕಾರಿಗಳೇ,

ನೀವು ನನ್ನ ಅಕ್ಕನ ಬಾಯಿಗಿಟ್ಟ ಒಂದು ಪೇಡಾದ ಬಗ್ಗೆ ನನ್ನ ತಕರಾರಿದೆ. ನಿಮಗೆ ನೆನಪಿರಲಾರದು. ಮಧುಮೇಹ ಜಾಗೃತಿಯ ದಿನ ಬಳ್ಳಾರಿಯ ಆಸ್ಪತ್ರೆಯೊಂದರ ಮಹಿಳಾ ವಾರ್ಡಿಗೆ ಹಾರ, ಫೋಟೋಗ್ರಾಫರ್ ಮತ್ತು ಪೇಡಾ ಡಬ್ಬಿ ಸಮೇತ ದಯಮಾಡಿಸಿದ್ದಿರಿ. ಸಕ್ಕರೆ ಕಾಯಿಲೆಯ ವಿರುದ್ಧ ಸಮಾರಂಭ, ಅದಕ್ಕೆ ಪೇಡಾ! ಪಾನನಿಷೇಧದ ಸಭೆಯನ್ನು ಸಾರಾಯಿ ಅಂಗಡಿಯಲ್ಲಿ ನಡೆಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದವಳೇ ಕುರುಗೋಡಿನ ಕೊಟ್ರಮ್ಮ, ನನ್ನ ಅಕ್ಕ. "ಬೇಗ ಗುಣ ಆಗಮ್ಮ" ಎಂದು ತಿನ್ನಿಸಿದಿರಿ. ಕ್ಯಾಮೆರಾ ಮಿಂಚಿತು. ಅವಳು ಕೈಮುಗಿದು ನುಂಗಿದಳು.

ನಾನು ಸಿರುಗುಪ್ಪದಲ್ಲಿ ಭತ್ತದ ದಲ್ಲಾಳಿ, ಬಾಯಿಂದಲೇ ಬದುಕು ಕಟ್ಟಿಕೊಂಡವನು. ನಿಮ್ಮ ಭೇಟಿಗೂ ಮುಂಚೆ, ಸಕ್ಕರೆ ಕಾಯಿಲೆಯ ಅಕ್ಕನಿಗೆ ಮೆಣಸಿನಕಾಯಿ ಹೊಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿತ್ತು. ಮುಳ್ಳು ಹೋಯಿತು, ಹುಣ್ಣು ಉಳಿಯಿತು. ವಾರ್ಡಿನ ಡಾಕ್ಟರ್ ಅಂಜನಾ ಬಿಡಿಸಿ ಹೇಳಿದರು: "ರಕ್ತದಾಗ ಸಕ್ಕರಿ ಏರಿದ್ರ, ಕ್ರಿಮಿ ಜೋಡಿ ಹೊಡೆದಾಡೋ ಬಿಳಿ ರಕ್ತಕಣ ಮಂಕಾಗ್ತಾವ್ರಿ. ಗಾಯ ಮಾಯಂಗಿಲ್ಲ." ಅಕ್ಕನಿಗೆ ನಾನದನ್ನು ನಮ್ಮ ಮಾತಿನಲ್ಲಿ ಹೇಳಿದೆ: "ಕಾವಲಿನವ್ರಿಗೆ ದಿನಾ ಹೋಳಿಗಿ ಊಟ ಹಾಕಿದ್ರ ಗೊರಕಿ ಹೊಡೀತಾರಬೇ. ಕಳ್ಳ ಆರಾಮ ಒಳಗ ಬರ್ತಾನ." ನಕ್ಕಳು. ಸಿಹಿ ಬಿಟ್ಟಳು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವಂತಿಲ್ಲ, ತಂದದ್ದನ್ನು ರೋಗಿ ತಂದವರ ಎದುರೇ ತಿನ್ನಬೇಕು. ರೂಪನಗುಡಿಯ ಬೀಗರು ಬಾದುಷಾ ತಂದರು, ಮೋಕದವರು ಬೂಂದಿ ಉಂಡೆ. ನಾನು ವಾರ್ಡಿನ ಬಾಗಿಲಲ್ಲಿ ಕೂತು ಎಲ್ಲವನ್ನೂ ತಡೆದೆ. "ಅಕ್ಕನ್ನ ಉಪಾಸ ಕೆಡವಿದ ಪುಣ್ಯಾತ್ಮ" ಎಂಬ ಬಿರುದು ಬಂತು. ಬರಲಿ, ಹುಣ್ಣು ಒಣಗತೊಡಗಿತ್ತು. ಸಾಹೇಬರನ್ನು ತಡೆಯುವ ಅಧಿಕಾರ ಮಾತ್ರ ಬಾಗಿಲಲ್ಲಿ ಕೂತವನಿಗಿರಲಿಲ್ಲ.

ನಿಮ್ಮ ಭೇಟಿಯ ಮರುದಿನ ಅಕ್ಕನ ದಿಂಬಿನಡಿ ಬಾದುಷಾ ಸಿಕ್ಕಿತು. ಕಸಿಯಲು ಹೋದೆ.

"ಬಿಡಲೇ ತಮ್ಮಾ! ಅಷ್ಟು ದೊಡ್ಡ ಸಾಹೇಬ್ರೇ ಕೈಯಾರೆ ತಿನಿಸ್ಯಾರ. ಅವ್ರಿಗಿಂತ ಶ್ಯಾಣ್ಯಾ ಏನ್ ನೀ?"

ಪಕ್ಕದ ಹಾಸಿಗೆಯ ಗಿರಿಜಾಬಾಯಿಯೂ ದನಿಗೂಡಿಸಿದರು: "ಪೇಪರ್ನ್ಯಾಗೂ ಬಂದೈತಲ್ರಿ!"

ಒಂದೇ ಪೇಡಾ ಅಕ್ಕನ ಕಾಲ್ಬೆರಳು ತಿಂದಿತು ಎಂದು ನಾನು ಹೇಳುವುದಿಲ್ಲ. ಅಷ್ಟು ಅನ್ಯಾಯದ ಲೆಕ್ಕ ನನ್ನದಲ್ಲ. ಆದರೆ ಆ ಪೇಡಾ ಮಿಕ್ಕೆಲ್ಲ ಸಿಹಿಗೆ ಸರ್ಕಾರಿ ಪರವಾನಗಿಯಾಯಿತು. ನಿಮ್ಮ ಭಾಷಣದಲ್ಲಿ ಸಕ್ಕರೆ ಬಿಡಿ ಎಂದೇ ಇತ್ತಂತೆ. ಕೇಳಿಸಿಕೊಂಡವರಾರು? ಎಲ್ಲರೂ ನೋಡಿದ್ದು ನಿಮ್ಮ ಕೈಯನ್ನು. ಹುಣ್ಣು ಮತ್ತೆ ಕೆರಳಿ ಕಾಲಿನ ಹೆಬ್ಬೆರಳು ಹೋಯಿತು. ಸೋಮವಾರ ಪಾದ ತೆಗೆಯುತ್ತಾರೆ. ಅದರ ಮೇಲಿನ ಕಾಲನ್ನಾದರೂ ಉಳಿಸಿಕೊಳ್ಳಲು ಅವಳು ಬಾಯಿ ಕಟ್ಟಲೇಬೇಕು. ನನ್ನ ಮಾತು ಅವಳ ಹತ್ತಿರ ಇನ್ನು ನಡೆಯುವುದಿಲ್ಲ.

ಆದ್ದರಿಂದ ಬೇಡಿಕೆ ಒಂದೇ. ಸೋಮವಾರದೊಳಗೆ ಅದೇ ಫೋಟೋಗ್ರಾಫರನನ್ನು ಕರೆದುಕೊಂಡು ಅದೇ ಹಾಸಿಗೆಗೆ ಬನ್ನಿ. ಭಾಷಣ ಬೇಡ. ನೀವು ಮತ್ತೆ ಬಂದರೆ ಬಾಯಿ ಸಿಹಿ ಮಾಡದೆ ಕಳಿಸಬಾರದೆಂದು ಅಕ್ಕ ನಿಮಗಾಗಿ ಒಂದು ಪೇಡಾ ಎತ್ತಿಟ್ಟಿದ್ದಾಳೆ. ಅವಳು ಅದನ್ನು ನಿಮ್ಮ ಬಾಯಿಗೆ ಹಿಡಿದಾಗ, ಎಲ್ಲರಿಗೂ ಕೇಳುವಂತೆ "ಬೇಡಮ್ಮ" ಎನ್ನಿ.

ನೀವು ಬರುವುದಿಲ್ಲ, ಗೊತ್ತು. ಬಂದರೂ, ಹೆಣ್ಣುಮಗಳ ಮನಸ್ಸು ನೋಯಿಸಬಾರದೆಂದು ತಿಂದುಬಿಡುತ್ತೀರಿ.

ಇಂತಿ,
ವಾರ್ಡಿನ ಬಾಗಿಲಲ್ಲಿ ಈಗ ಸುಮ್ಮನೆ ಕೂತಿರುವ
ಮರಿಬಸಪ್ಪ, ಸಿರುಗುಪ್ಪ