ಉಪ್ಪಿಗೂ ಜಗ್ಗದ ಕೆಂಪು

ಅಕ್ಕಾ,

ಕೆಮ್ಮು ನಿಂತಿದೆ, ರೂಮಿನ ಕಿಟಕಿ ಮಾತ್ರ ಇನ್ನೂ ಸರಿಯಾಗಿ ಮುಚ್ಚುವುದಿಲ್ಲ, ಭಾವನಿಗೂ ಹೇಳು.

ಇಲ್ಲಿನ ಲ್ಯಾಬಿನಲ್ಲಿ ಚಿನ್ನ ಕೆಂಪಗಿದೆ, ನಂಬುತ್ತೀಯಾ? ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿದ್ದರೆ ದಾಳಿಂಬೆ ರಸದ ಬಣ್ಣ. ಉಪ್ಪು ತಾಗಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀಲಿಯಾಗುತ್ತವೆ. ಹಾಗಾಗದಿರಲು ಅವಕ್ಕೆ ಮೊದಲೇ ಪ್ರೋಟೀನಿನ ಹೊದಿಕೆ ಹಾಕಬೇಕು. ನಾನು ಹಾಕಿದ್ದು ಮೂರು ಸಲವೂ ಕೆಟ್ಟಿತು. ಪಕ್ಕದ ಮೇಜಿನವಳದು ಒಮ್ಮೆಯೂ ಕೆಡಲಿಲ್ಲ. ಬಂದವರಿಗೆಲ್ಲ ನಮ್ಮ ಸರ್ ಅವಳ ಗಾಜಿನ ಕೊಳವೆಯನ್ನೇ ಎತ್ತಿ ತೋರಿಸುತ್ತಾರೆ. ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

ನಿನ್ನೆ ಅವಳು ಪ್ರೋಟೀನು ಬೆರೆಸಿಟ್ಟು ಕೈ ತೊಳೆಯಲು ಹೋದಳು. ಎರಡು ನಿಮಿಷವೂ ಆಗಿಲ್ಲ, ಹೊದಿಕೆ ಇನ್ನೂ ಕೂತಿರಲಾರದು ಎಂದುಕೊಂಡು ಅವಳ ಕೊಳವೆಗೆ ಉಪ್ಪುನೀರು ಸುರಿದುಬಿಟ್ಟೆ. ನೀಲಿಯಾಗಲಿಲ್ಲ ಅಕ್ಕಾ! ಕೆಂಪಗೇ ಕೂತಿತ್ತು. ತಿರುಗಿದರೆ ಹಿಂದೆ ಸರ್ ನಿಂತಿದ್ದಾರೆ.

"ಓಹೋ, ಇಷ್ಟು ಬೇಗ ಉಪ್ಪು ಹಾಕಿದ್ರೂ ತಡ್ಕೊಳ್ತಲ್ಲ! ಹೀಗೆ ಪರೀಕ್ಷೆ ಮಾಡೋದು ನಮಗೆ ಹೊಳೆದೇ ಇರ್ಲಿಲ್ಲ," ಎಂದು ಅವರು ಆಗಷ್ಟೇ ಬಂದ ಅವಳನ್ನೇ ಹೊಗಳಿದರು. ಅವಳು ನನ್ನ ಕೈ ಹಿಡಿದುಕೊಂಡು, "ನನಗೋಸ್ಕರ ನೀವೇ ಮಾಡಿ ನೋಡಿದ್ರಲ್ಲ, ಎಷ್ಟು ಒಳ್ಳೆಯವ್ರು ಕಣ್ರೀ!" ಎಂದಳು. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕಾಗದದಲ್ಲಿ ಜಾಗ ಮುಗಿಯಿತು. ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಅಂದಹಾಗೆ, ಐದನೇ ಕ್ಲಾಸಿನಲ್ಲಿ ನಿನಗೆ ಬಹುಮಾನ ಬಂದ ಚಿತ್ರದ ಮೇಲೆ ಮಸಿ ಚೆಲ್ಲಿದ್ದು ಬೆಕ್ಕಲ್ಲ.

ನಿನ್ನ ತಂಗಿ