ಗೇರ್‌ಬಾಕ್ಸ್ ಇಳಿಸಿದ ದಿನಗಳು

ಫೆ. 6, ಗುರುವಾರ

ಡಯಾಲಿಸಿಸ್ ಮುಗಿಸಿ ಅಪ್ಪನನ್ನು ಕರೆತರುತ್ತಿದ್ದೆ. ಪೋತ್ತನೂರು ಸೇತುವೆ ಏರುವಾಗ ಇಂಜಿನ್ ಕೂಗುತ್ತದೆ, ಕಾರು ಕದಲದು. ಆಟೊಮ್ಯಾಟಿಕ್ ಗೇರು; D, 2, L — ಯಾವುದಕ್ಕೆ ಹಾಕಿದರೂ ಅಷ್ಟೆ. ಸುಟ್ಟ ವಾಸನೆ. ಹಗ್ಗ ಕಟ್ಟಿ ಮನೆಗೆ ಎಳೆಸಿದೆ. ಗೇರ್ ಆಯಿಲ್ ಕಪ್ಪಾಗಿದೆ, ಕಾಫಿ ಗಸಿಯಂತೆ.

ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಅಂದ ಮೆಕ್ಯಾನಿಕ್. ಅವನು ಕೇಳಿದ ದುಡ್ಡಿಗೆ ಇಂಥದೇ ಇನ್ನೊಂದು ಹಳೆ ಕಾರು ಬರುತ್ತದೆ. ಮಾಮೂಲಿ ಗೇರಿನ ಕಾರು ನನಗಾಗದು. ಎಡಗಾಲು ಪೋಲಿಯೊ ಕಾಲು, ಕ್ಲಚ್ ತುಳಿಯುವ ಬಲವಿಲ್ಲ.

ನಾನೇ ಬಿಚ್ಚುತ್ತೇನೆ. ಕುರಿಚಿಯ ಪಂಪ್ ಕಂಪನಿಯಲ್ಲಿ ಇಷ್ಟು ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿದ್ದೇನೆ. ಅಳೆಯಲು ಬರುತ್ತದೆ. ಉಳಿದದ್ದಕ್ಕೆ ಯೂಟ್ಯೂಬ್.

ಫೆ. 9, ಭಾನುವಾರ

ಇಳಿಸಿದೆವು. ಶೆಡ್ಡಿನ ಗರ್ಡರಿಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿ. ಪಕ್ಕದ ಮನೆಯ ಪಾಪಾತಿ ಅಕ್ಕ ಕಾರಿನಡಿ ಮಲಗಿ ನೂಕಿದರು — ಫೌಂಡ್ರಿಯಲ್ಲಿ ಪಳಗಿದ ತೋಳು. ಅಪ್ಪ ಕುರ್ಚಿಯಲ್ಲಿ ಕುಳಿತು ಬೋಲ್ಟುಗಳನ್ನು ಹಳೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟರು. ಮಗ್ಗ ಬಿಟ್ಟ ಮೇಲೆ ಅವರ ಕೈಗೊಂದು ಕೆಲಸ ಸಿಕ್ಕಿದ್ದು ಇವತ್ತೇ.

ನಾಳೆ ಡಯಾಲಿಸಿಸ್. ಆಟೋ ಹೇಳುತ್ತೇನೆಂದೆ. ಬೇಡವಂತೆ, ಆಸ್ಪತ್ರೆ ಬಾಗಿಲಿಗೇ ಬಸ್ ಹೋಗುತ್ತದಂತೆ. ಜೊತೆಗೆ ಬರುತ್ತೇನೆಂದರೆ ಅದೂ ಬೇಡ.

“ನೀ ಬಂದ್ಬಿಟ್ರೆ ಇದ ಯಾರು ಕೂಡಿಸೋದು, ಕಣ್ಣು?” ಅಪ್ಪ ನನ್ನನ್ನು ಮುದ್ದಿಗೆ ಕರೆಯುವುದೇ ಹಾಗೆ.

ಫೆ. 13, ಗುರುವಾರ

ರಜೆ ಹಾಕಿದೆ. ಪೂರ್ತಿ ಬಿಚ್ಚಿದೆ. ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟು ಬೋಳಾಗಿವೆ. ಬಿಚ್ಚಿದ ಪ್ರತಿ ತುಂಡಿಗೂ ಫೋಟೋ. ಉಕ್ಕಡಂನ ಹಳೆ ಸಾಮಾನಿನ ಅಂಗಡಿಯಲ್ಲಿ ಅರ್ಧದಷ್ಟು ಪ್ಲೇಟು ಕೊಂಡೆ. ಉಳಿದದ್ದಕ್ಕೆ ದುಡ್ಡು ಸಾಲಲಿಲ್ಲ.

ಸಂಜೆ ಅಪ್ಪ ಬಂದರು. ಡಯಾಲಿಸಿಸ್ ಹೇಗಾಯಿತು ಎಂದೆ. ಆಯಿತು ಎಂದರು. ನನ್ನ ಕೈಯೆಲ್ಲ ಎಣ್ಣೆ... ನಾನು ತಿರುಗಿ ನೋಡಲೂ ಇಲ್ಲ.

ಫೆ. 18, ಮಂಗಳವಾರ

ಉಳಿದ ಪ್ಲೇಟು ತಂದು ಜೋಡಿಸಿದೆ. ಕೊನೆಗೆ ನೋಡಿದರೆ ಒಂದು ಸ್ಪ್ರಿಂಗ್ ಹೊರಗೆ. ಮತ್ತೆ ಎಲ್ಲ ಬಿಚ್ಚಿದೆ. ಅಳು ಬಂತು.

ಅಪ್ಪನ ಪಾದಗಳು ಊದಿವೆ. ಕುರ್ಚಿಯಲ್ಲೇ ಕೂತದ್ದಕ್ಕೆ ಅಂದರು. ನಂಬಿದೆ. ನಂಬಿದರೆ ಕೆಲಸ ಮುಂದುವರಿಸಬಹುದಿತ್ತು.

ಫೆ. 20, ಸಂಜೆ — ಆಸ್ಪತ್ರೆಯ ಬೆಂಚು

ಮಧ್ಯಾಹ್ನ ನರ್ಸ್ ಫೋನ್. ಎರಡು ವಾರದಿಂದ ನಿಮ್ಮ ಅಪ್ಪ ಬಂದೇ ಇಲ್ಲವಲ್ಲ, ಯಾಕೆ? ಅಪ್ಪನಿಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿದ್ದೇನೆ ಎಂದರು. ಹಿಂದಿನಿಂದ ರೈಲಿನ ಅನೌನ್ಸ್‌ಮೆಂಟ್ ಕೇಳುತ್ತಿತ್ತು.

ಪೋತ್ತನೂರು ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಸಿಕ್ಕರು. ಏದುಸಿರು. ಮುಖ ಊದಿ ಬೇರೆ ಯಾರದೋ ಮುಖದಂತಿತ್ತು. ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಹೇಳಿದರು:

“ಮೊದಲ ದಿನವೇ ಬಸ್ ಹತ್ತೋಕಾಗ್ಲಿಲ್ಲ ಕಣ್ಣು. ಕಾಲು ಏಳ್ಲಿಲ್ಲ. ಕಂಡಕ್ಟರ್ ವಿಸಿಲ್ ಊದ್ಬಿಟ್ಟ.”

“ನಂಗ್ ಹೇಳ್ಬಾರ್ದಾ ಅಪ್ಪಾ?”

“ಹೇಳಿದ್ರೆ ನೀ ಆಟೋ ಹಿಡೀತಿದ್ದೆ. ಆ ಕಾಸಲ್ಲಿ ತಾನೆ ನೀ ಪ್ಲೇಟ್ ತಂದಿದ್ದು.”

ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ಒಳಗೆ ಕರೆದೊಯ್ದಿದ್ದಾರೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಎಣ್ಣೆ.

ಮಾ. 4, ಮಂಗಳವಾರ

ಅಪ್ಪ 22ರ ಬೆಳಿಗ್ಗೆ ಹೋದರು. ಇವತ್ತು ಹನ್ನೊಂದನೆಯ ದಿನದ ಕಾರ್ಯ. ನೆಂಟರು ಉಂಡು ಹೊರಟರು. ವಾಲ್ಪಾರೈಯಿಂದ ಬಂದಿದ್ದ ಅಣ್ಣ ನವನೀತನ್ ಶೆಡ್ಡಿನಲ್ಲಿ ಹರಡಿದ್ದ ತುಂಡುಗಳನ್ನು ನೋಡಿ ನಿಂತ.

“ತೂಕಕ್ಕೆ ಹಾಕ್ಬಿಡು ತೆನ್ಮೊಳಿ. ಇನ್ನು ಯಾರಿಗೆ ಬೇಕು?”

ಅವನು ಹೇಳಿದ್ದು ಸರಿಯೇ. ಅವನ ಬಸ್ ಹೊರಟ ಮೇಲೆ ಗೋಣಿ ಹಾಸಿ ಕುಳಿತು ಮೊದಲ ಪ್ಲೇಟು ಕೈಗೆತ್ತಿಕೊಂಡೆ.

ಮಾ. 16, ಭಾನುವಾರ

ಏರಿಸಿದೆವು. ಇನ್ನೂ ಯಾಕೆ ಮಾಡುತ್ತಿದ್ದೀಯೆಂದು ಪಾಪಾತಿ ಅಕ್ಕ ಕೇಳಲಿಲ್ಲ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದೆ. D ಗೆ ಹಾಕಿದೆ. ಒಮ್ಮೆ ನಡುಗಿತು... ಹೊರಟಿತು. ಒಂದರಿಂದ ಎರಡು, ಎರಡರಿಂದ ಮೂರು, ಗೊತ್ತೇ ಆಗದಷ್ಟು ಮೆತ್ತಗೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಏನೂ ಆಗಲಿಲ್ಲ.

ಮಾ. 17, ಸೋಮವಾರ

ಕೆಲಸಕ್ಕೆಂದೇ ಹೊರಟಿದ್ದೆ. ಎಲ್ಲಿ ತಿರುಗಿಸಿದೆನೋ ನೆನಪಿಲ್ಲ. ಕಾರು ನಿಂತಾಗ ಎದುರಿಗೆ ಆಸ್ಪತ್ರೆ.

ವಾಚ್‌ಮನ್ ದಂಡಪಾಣಿ ಕಾರಿನ ಗುರುತು ಹಿಡಿದು ವೀಲ್‌ಚೇರ್ ತಳ್ಳಿಕೊಂಡು ಓಡಿಬಂದ. ವಾರಕ್ಕೆರಡು ಸಲ ಅಪ್ಪನನ್ನು ಇಳಿಸಿಕೊಳ್ಳುತ್ತಿದ್ದವನು ಅವನೇ. ಎಲ್ಲಿ ಹೋಗಿಬಿಟ್ಟಿರಿ ಇಷ್ಟು ದಿನ ಎಂದು ತಮಿಳಿನಲ್ಲಿ ಕೇಳುತ್ತಲೇ ಹಿಂದಿನ ಬಾಗಿಲು ತೆಗೆದ. ಬಗ್ಗಿ ಎರಡೂ ಕೈ ಒಳಗೆ ಚಾಚಿದ.

ಬ್ರೇಕಿನ ಮೇಲಿಂದ ಕಾಲು ತೆಗೆಯಲಾಗಲಿಲ್ಲ. ಅವನಿಗೆ ಹೇಳಬೇಕಿತ್ತು, ನಾನು ಒಬ್ಬಳೇ ಬಂದಿದ್ದೇನೆ ಎಂದು.