ಹಳಬರ ಹೆಸರಿನಲ್ಲಿ

ಮಾಂಪೊಂಗ್, ಅಶಾಂತಿ ಪ್ರಾಂತ, ಘಾನಾ
೧೪ ಜೂನ್ ೧೯೭೨

ಪ್ರೀತಿಯ ಸೋದರಮಾವನಿಗೆ,

ನಿಮ್ಮ ಮೊಣಕಾಲು ನೋವು ಹೇಗಿದೆ? ಲಂಡನ್ನಿನ ಚಳಿಯಲ್ಲಿ ಅದು ವಾಸಿಯಾಗುವುದಿಲ್ಲ ಎಂದು ಅಜ್ಜಿ ಹೇಳುತ್ತಲೇ ಇರುತ್ತಾಳೆ. ಅವಳು, ನಿಮ್ಮ ಅಮ್ಮ, ಗಟ್ಟಿಯಾಗಿದ್ದಾಳೆ. ಊಟದ ಫುಫುವಿಗೆ ಬೇಯಿಸಿದ ಗೆಣಸು ಕುಟ್ಟುವವರ ಪಕ್ಕ ಕೂತು ‘ಏನ್ರೇ, ತೋಳಲ್ಲಿ ಜೀವ ಇಲ್ವಾ’ ಎಂದು ಈಗಲೂ ಗದರುತ್ತಾಳೆ. ಇನ್ನು ನನ್ನ ವಿಷಯ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ.

ನನ್ನ ಪ್ರಬಂಧದ ಬಗ್ಗೆ ಇಲ್ಲಿನ ವಿಶ್ವವಿದ್ಯಾಲಯದವರು, ಲಂಡನ್ನಿನಲ್ಲಿ ತತ್ತ್ವಶಾಸ್ತ್ರ ಕಲಿಸುವವರೆಂದು, ನಿಮ್ಮ ಅಭಿಪ್ರಾಯ ಕೇಳಿದ್ದರಂತೆ. ‘ಇದು ಒಂದು ಕುಲದ ನಂಬಿಕೆ, ಯಾರೊಬ್ಬರ ಚಿಂತನೆಯೂ ಅಲ್ಲ, ತತ್ತ್ವಶಾಸ್ತ್ರ ಎನ್ನಲಾಗದು’ ಎಂದು ನೀವು ಬರೆದದ್ದನ್ನು ವಿಭಾಗದ ಮುಖ್ಯಸ್ಥರು ನನ್ನೆದುರೇ ಓದಿದರು. ಅಜ್ಜಿಯ ಮಾತುಗಳಿರುವ ಅಧ್ಯಾಯವನ್ನು ಕಿತ್ತುಹಾಕಿದರೆ ಮಾತ್ರ ಪದವಿಯಂತೆ. ಬೇಕಾದರೆ ಜಾನಪದ ವಿಭಾಗಕ್ಕೆ ಹೋಗು ಎಂದು ನಕ್ಕರು. ಬಿಳಿಯರ ಆಳ್ವಿಕೆ ಮುಗಿದು ಹದಿನೈದು ವರ್ಷವಾಯಿತು. ನಮಗೆ ಯೋಚಿಸಲು ಬರುತ್ತದೆಯೇ ಎಂದು ಈಗಲೂ ಲಂಡನ್ನನ್ನೇ ಕೇಳಬೇಕು, ಅಲ್ಲಿಂದ ಇಲ್ಲವೆನ್ನುವುದಕ್ಕೆ ನಮ್ಮ ಮನೆಯವರೇ ಬೇಕು.

ಬೇರೆ ಯಾರಾದರೂ ಬರೆದಿದ್ದರೆ ತಿಳಿಯದವರು ಎಂದು ಸುಮ್ಮನಾಗುತ್ತಿದ್ದೆ. ನೀವು ಅವಳ ಮಡಿಲಲ್ಲಿ ಬೆಳೆದವರು. ಹಿರಿಯರ ನಡುವೆ ಕೂತು ‘ಇದು ನನ್ನ ಯೋಚನೆ’ ಎನ್ನುವುದು ನಮ್ಮಲ್ಲಿ ಸೊಕ್ಕು. ಎಷ್ಟೇ ಹೊಸದನ್ನು ಹೇಳಲಿ, ‘ಹಳಬರು ಹೀಗಂದಿದ್ರು’ ಎಂದೇ ಶುರುಮಾಡಬೇಕು. ಇದು ನಿಮಗೆ ಗೊತ್ತಿಲ್ಲವೇ? ಆ ಅಧ್ಯಾಯದಲ್ಲಿರುವುದು ಇಷ್ಟು: ರಕ್ತ ತಾಯಿಯ ಕುಲದ್ದು, ಅದರ ಮೇಲೆ ಕುಲಕ್ಕೆ ಹಕ್ಕಿದೆ. ಆದರೆ ಆತ್ಮವನ್ನು ಕುಲ ಕೊಟ್ಟಿಲ್ಲ, ತಾನು ಕೊಡದಿದ್ದನ್ನು ಅದು ಹಿಡಿದಿಟ್ಟುಕೊಳ್ಳುವಂತಿಲ್ಲ. ಇದು ಅಜ್ಜಿಯ ವಾದ. ನಾನು ಕೇಳಿದ ಮುದುಕರಲ್ಲಿ ಯಾರೂ ಇದನ್ನು ಮನಸಾರೆ ಒಪ್ಪಲಿಲ್ಲ, ಒಬ್ಬರಂತೂ ಊರುಗೋಲು ಕುಟ್ಟಿಕೊಂಡು ಎದ್ದೇ ಹೋದರು. ಕುಲದ ನಂಬಿಕೆ ಎಂದರೆ ಇದೇ ಏನು? ನಿಮ್ಮನ್ನು ಕಂಡರೆ ನನಗೆಷ್ಟು ಅಕ್ಕರೆ ಎಂಬುದು ನಿಮಗೆ ಗೊತ್ತು, ಅದಕ್ಕೇ ಇಷ್ಟು ಉರಿಯುತ್ತಿದೆ. ಆ ಅಧ್ಯಾಯವನ್ನು ನಾನು ತೆಗೆಯುವುದಿಲ್ಲ, ಪದವಿ ಹೋದರೆ ಹೋಗಲಿ. ನಿಮ್ಮ ಅಭಿಪ್ರಾಯವನ್ನು ವಾಪಸ್ ತೆಗೆದುಕೊಳ್ಳಿ.

ಅತ್ತೆಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ. ಮೊಣಕಾಲಿಗೆ ಉಣ್ಣೆ ಸುತ್ತಿಕೊಳ್ಳಿ.

ಸಿಟ್ಟಿನಲ್ಲಿದ್ದರೂ ನಿಮ್ಮವಳೇ ಆದ ಸೋದರಸೊಸೆ,
ಅಬೆನಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ನಿಮಗೆ ಇಷ್ಟು ಬರಿ ಎಂದಳು: ‘ನಿನ್ನನ್ನ ಇಂಗ್ಲೆಂಡಿಗೆ ಕಳಿಸೋದು ಬೇಡ, ಕುಲದ ಹುಡುಗ ಕುಲದಲ್ಲೇ ಇರ್ಲಿ ಅಂತ ಹಿರಿಯರೆಲ್ಲ ಹಟ ಹಿಡಿದಿದ್ರು. ಆವಾಗ ನಾನು ಈ ರಕ್ತ, ಆತ್ಮದ ಮಾತು ತೆಗೆದೆ. ಹಳಬರು ಅಂದಿದ್ದು ಅಂದ್ಮೇಲೆ ಬಾಯಿ ಮುಚ್ಕೊಂಡ್ರು. ಯಾವ ಹಳಬರೂ ಅಂದಿರ್ಲಿಲ್ಲ ಮಗನೇ. ನೀನು ಓದ್ಲಿ ಅಂತ, ಗೆಣಸು ಹೆಚ್ತಾ ಕೂತು ನಾನೇ ಯೋಚ್ನೆ ಮಾಡಿದ್ದು.’